ದೀಪದ ತೆಗ್ಗು

ನಮ್ಮೂರು ಅಂಕನಾಳದ ಪಡುವಣಕ್ಕೆ ಮೂರು ದಿಬ್ಬಗಳು ಒಳಮುಖವಾಗಿ ಬಾಗಿದ ಕಡೆ ಒಂದು ತೆಗ್ಗು ಇದೆ. ಸುತ್ತಲಿನ ಎರೆಹೊಲಗಳು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗಲೂ ಅಲ್ಲಿ ಹುಲ್ಲು ಹಸಿರಾಗಿರುತ್ತದೆ. ಆದರೂ ಯಾರೂ ದನ ಬಿಡುವುದಿಲ್ಲ. ಅದಕ್ಕೆ ದೀಪದ ತೆಗ್ಗು ಎಂದು ಹೆಸರು. ಯಾವ ದೇವರಿಗೆ ದೀಪ ಹಚ್ಚುತ್ತೀರಿ ಎಂದು ಹೊಸಬರು ಕೇಳಿದಾಗ ನನಗೆ ಮೈ ಉರಿಯುತ್ತದೆ. ಇಲ್ಲಿ ದೇವರೂ ಇಲ್ಲ, ಗುಡಿಯೂ ಇಲ್ಲ.

ಹಿಂದೆ ಒಮ್ಮೆ, ಸುಲಿಗೆಯ ದಂಡುಗಳು ಊರೂರು ಅಲೆಯುತ್ತಿದ್ದ ಕಾಲ. ನಮ್ಮವರು ಜೋಳವನ್ನು ದಿಬ್ಬದ ನೆತ್ತಿಯ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಆಳವಾದ ಗುಂಡಿಗಳಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರಂತೆ. ದಂಡಿನವರಿಗೂ ಅದು ಗೊತ್ತಾಗಿಹೋಯಿತು. ಒಂದು ಸಲ ಅವರು ಎಲ್ಲ ದೋಚಿಕೊಂಡು ಹೋದ ಮೇಲೆ ಊರ ಗೌಡ ಮಲ್ಲನಗೌಡ ನಿದ್ದೆಗೆಟ್ಟು, ಕಣ್ಣಿಗೆ ಬೀಳದ ಈ ತೆಗ್ಗಿನಲ್ಲೇ ಹಗೇವು ತೋಡಿಸಿ ಊರಿನವರು ಆಮೇಲೆ ಬೆಳೆದ ಅಷ್ಟಿಷ್ಟು ಜೋಳವನ್ನೆಲ್ಲ ತುಂಬಿಸಿದ. ಆ ವರ್ಷ ಮಳೆ ಕೈಕೊಟ್ಟು ತೆಗ್ಗಿನ ಹುಲ್ಲೂ ಒಣಗಿತ್ತು. ಮಣ್ಣು ಮುಟ್ಟಿ ನೋಡಿ ಎಲ್ಲರೂ ಸೈ ಅಂದರು. ಮರುವರ್ಷ ಮುಂಗಾರು ಜಡಿದು ಬಂತು. ದಿಬ್ಬಗಳ ಮೇಲೆ ಬಿದ್ದ ನೀರು ಅಲ್ಲಿ ನಿಲ್ಲುತ್ತದೆಯೇ? ಮೂರೂ ಇಳಿಜಾರುಗಳಿಂದ ಮಣ್ಣೊಳಗೇ ಬಸಿಯುತ್ತ ಬಂದು ತೆಗ್ಗಿನ ಹೊಟ್ಟೆ ಸೇರಿತು. ಮೇಲೆ ಒಂದು ಹನಿಯೂ ಕಾಣಲಿಲ್ಲ. ಒಳಗೆ ಜೋಳ ನೆನೆದು, ಕೊಳೆತು, ವಿಷಗಾಳಿ ಕಟ್ಟಿಕೊಂಡಿತ್ತು.

ಹಗೇವು ತೆರೆದಾಗ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು ರೂಢಿ. ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅಂದು ದೀಪ ಆರಿಹೋಯಿತು. ದಂಡು ಪಕ್ಕದೂರಿಗೆ ಬಂದಿದೆಯೆಂಬ ಸುದ್ದಿ ಮುಟ್ಟಿತ್ತು. ಜೋಳ ಹೊತ್ತು ಊರು ಬಿಡುವ ಆತುರ. ಗಾಳಿಗೆ ಆರಿರಬೇಕು ಎಂದುಬಿಟ್ಟ ಗೌಡ. ಅವನ ಹಿರಿಮಗ ಇಳಿದ. ಕೂಗಿದರೆ ಓಗೊಡಲಿಲ್ಲ. ಅಣ್ಣನನ್ನು ಎತ್ತಲು ನಡುವಿನವ ಇಳಿದ. ಅವನ ಸದ್ದೂ ನಿಂತಿತು. ಕಿರಿಯವ ಈರಭದ್ರ ಹಗ್ಗ ಹಿಡಿದಾಗ ತಾಯಿ ಗುರವ್ವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣಂದಿರನ್ನು ಹಾಗೇ ಬಿಡಲೇನವ್ವಾ ಎಂದು ಅವನು ಕೊಸರಿದ. ಅವನ ಕೈ ಬಿಡು ಎಂದು ಗೌಡನೂ ಹೆಂಡತಿಯನ್ನು ಗದರಿದ.

"ಇಬ್ಬರನ್ನ ನುಂಗೇತಿ ಅದು. ಇವನ ಕೈ ನಾ ಬಿಡಂಗಿಲ್ಲ," ಅಂದಳು ಗುರವ್ವ.

ಮಕ್ಕಳಿಬ್ಬರನ್ನೂ ಒಳಗೇ ಬಿಟ್ಟು, ಹಗೇವಿನ ಬಾಯಿಗೆ ಮಣ್ಣೆಳೆದು, ಊರಿಗೆ ಊರೇ ಬರಿಗೈಯಲ್ಲಿ ಹೊರಟಿತು. ದಾರಿಯುದ್ದಕ್ಕೂ ಅವಳು ಆ ಕೈ ಸಡಿಲಿಸಲಿಲ್ಲ ಎನ್ನುತ್ತಾರೆ. ಅಂದು ಆರಿದ ದೀಪದ ಹೆಸರೇ ತೆಗ್ಗಿಗೆ ಉಳಿಯಿತು.

ಈಗ ನೋಡಬಂದವರಿಗೆ ಕಾಣುವುದು ನಡುವೆ ಕುಸಿದ ಒಂದಿಷ್ಟು ನೆಲ ಮಾತ್ರ. ಪಕ್ಕದ ಕಾಲುದಾರಿಯಲ್ಲಿ ಹೋಗುವಾಗ ನಮ್ಮೂರ ಹೆಂಗಸರು ಮೀಸೆ ಬಂದ ಮಗನನ್ನೂ ಕೈ ಹಿಡಿದೇ ದಾಟಿಸುತ್ತಾರೆ. ಇಷ್ಟು ವಯಸ್ಸಾಯಿತು, ಯಾವ ಮಗನೂ ಕೈ ಬಿಡಿಸಿಕೊಂಡದ್ದನ್ನು ನಾನು ನೋಡಿಲ್ಲ.