ದುಂಡವ್ವ ಮತ್ತು ಗಾಣದ ಎತ್ತುಗಳು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡದಿದ್ದ ಕಾಲಕ್ಕೆ, ಒಂದೂರಲ್ಲಿ ದುಂಡವ್ವ ಅಂತ ದನಗಳಿಗೆ ಮದ್ದು ಕೊಡುವ ಮುದುಕಿ ಇದ್ದಳಂತೆ. ಅವಳಿಗೆ ಎತ್ತುಗಳ ಮಾತು ತಿಳಿಯುತ್ತಿತ್ತು ಅನ್ನುತ್ತಾರೆ. ಸುಳ್ಳು. ತಿಳಿಯುತ್ತಿದ್ದರೆ ಹಗಲೆಲ್ಲ ಅವುಗಳ ಮುಂದೆ ಕೂತು ಕಣ್ಣು ನೋಯಿಸಿಕೊಳ್ಳುವ ಕರ್ಮ ಅವಳಿಗೆ ಯಾಕೆ?

ಆ ಊರಿನ ಗಾಣಿಗರ ಸೊಸೆ ಹಾಲವ್ವ. ಹೆರಿಗೆಯಾದ ಮೇಲೆ ಅವಳಿಗೆ ಕೈ ತೊಳೆಯುವ ಗೀಳು ಹಿಡಿಯಿತಂತೆ. ಬೂದಿ ಹಚ್ಚಿ ತೊಳೆದಳು, ಮತ್ತೆ ತೊಳೆದಳು, ಚರ್ಮ ಸುಲಿದು ರಕ್ತ ಬಂದರೂ ತೊಳೆದಳು. ಕೊಳೆ ಹೋಗಿಲ್ಲ ಅಂತ ಕೂಸನ್ನು ಮುಟ್ಟಲಿಲ್ಲ. ಬೈದರು, ದೆವ್ವ ಬಿಡಿಸಿದರು. ಕೊನೆಗೆ ಅತ್ತೆ ಶಿವಗಂಗವ್ವ, ಬರುವ ಹುಣ್ಣಿಮೆಗೆ ಸೊಸೆಯನ್ನು ತವರಿಗೆ ಅಟ್ಟುವುದು, ಕೂಸು ಇಲ್ಲೇ ಇರಲಿ ಅಂತ ತೀರ್ಮಾನ ಮಾಡಿದಳು.

ಸುದ್ದಿ ಕೇಳಿ ದುಂಡವ್ವ ಗಾಣಿಗರ ಮನೆಗೆ ಬಂದಳು. ಗಾಣಿಗರ ಹಿತ್ತಲಲ್ಲಿ ಎರಡು ಮುದಿ ಎತ್ತುಗಳಿದ್ದವು. ಗಾಣದಿಂದ ಬಿಡಿಸಿ ವರ್ಷವಾದರೂ ಅವು ಬರೀ ನೆಲದಲ್ಲಿ ಸುತ್ತು ಹಾಕುತ್ತಲೇ ಇದ್ದವು, ಗೊರಸು ಸವೆದರೂ ಬಿಡಲಿಲ್ಲ. ಹಾಲವ್ವನದೂ ಇದೇ ಸುತ್ತು ಅನಿಸಿತು ಮುದುಕಿಗೆ.

ಈ ಸುತ್ತು ಬಿಡಿಸಲು ಒಂದು ಬೇರು ಆದೀತು ಅನ್ನಿಸಿದರೂ, ಗುಣ ಗೊತ್ತಿಲ್ಲದ್ದನ್ನು ಬಾಣಂತಿಗೆ ಕುಡಿಸಲು ಅವಳಿಗೆ ಧೈರ್ಯ ಬರಲಿಲ್ಲ. ಮೊದಲು ಎತ್ತುಗಳಿಗೆ ಕೊಟ್ಟು ನೋಡೋಣ ಅಂತ ಒಂದು ಎತ್ತಿಗೆ ಬೆಲ್ಲ ಬೆರೆಸಿದ ಬೇರಿನ ಕಷಾಯ ಕುಡಿಸಿದಳು, ಇನ್ನೊಂದಕ್ಕೆ ಬರೀ ಬೆಲ್ಲದ ನೀರು. ಬೆಲ್ಲಕ್ಕೇ ಗುಣವಾದರೆ ಬೇರಿನ ಹೆಚ್ಚುಗಾರಿಕೆ ಏನು ಅಂತ ಅವಳ ಲೆಕ್ಕ. ಮುದುಕಿಗೆ ಅರಳುಮರಳು ಅಂತ ಊರು ನಕ್ಕಿತಂತೆ.

ಮೂರನೆಯ ದಿನ ಕಷಾಯ ಕುಡಿದ ಎತ್ತು ನಿಂತಿತು. ಊರೇ ಕುಣಿಯಿತು. ಸೊಸೆಗೂ ಕಷಾಯ ಬೇಕು ಅಂತ ಶಿವಗಂಗವ್ವ ಚೊಂಬು ಹಿಡಿದು ಓಡಿ ಬಂದಳು. ದುಂಡವ್ವ ಕೊಡಲಿಲ್ಲ. ಎತ್ತಿನ ಕಣ್ಣಿಗೆ ನೊಣ ಮುತ್ತಿದ್ದವು, ಅದು ಕಿವಿ ಅಲ್ಲಾಡಿಸಲಿಲ್ಲ. ಹಿಂಡಿ ಮುಂದಿಟ್ಟರೂ ಮೂಸಲಿಲ್ಲ.

“ಗೀಳು ನಿಂತಿಲ್ಲ ತಂಗಿ, ಎತ್ತೇ ನಿಂತೈತಿ. ಹಿಂಗ ನಿನ್ನ ಸೊಸಿನ್ನ ನಿಲ್ಲಿಸಿದ್ರ ಕೂಸಿಗೆ ತಾಯಿ ಸಿಕ್ಕಂಗಾತೇನು?” ಅಂದಳಂತೆ.

ಬೇರು ಅರ್ಧ ಮಾಡಿದಳು, ಅರ್ಧದಲ್ಲಿ ಅರ್ಧ ಮಾಡಿದಳು, ನೋಡುತ್ತ ಕೂತಳು. ಆರು ದಿನ ಅನ್ನುತ್ತಾರೆ, ಹದಿನಾರು ದಿನ ಅನ್ನುತ್ತಾರೆ. ಒಂದು ಬೆಳಿಗ್ಗೆ ಆ ಎತ್ತು ಎರಡು ಸುತ್ತು ಹಾಕಿ, ನಿಂತು, ಬಾಲದಿಂದ ನೊಣ ಓಡಿಸಿ, ಹಿಂಡಿಗೆ ಬಾಯಿ ಹಾಕಿತಂತೆ. ಬೆಲ್ಲದ ನೀರಿನದು ಸುತ್ತುತ್ತಲೇ ಇತ್ತು. ಬೇಕೆಂದೇ ಅದನ್ನು ಬಿಟ್ಟಿದ್ದಳಲ್ಲ, ಅದರ ಕೊರಳು ತಬ್ಬಿ ಅತ್ತಳು. ಅವತ್ತೇ ಅದಕ್ಕೂ ಮದ್ದು ಕೊಟ್ಟಳು.

ಆಮೇಲೆ ತಾನು ಕುಡಿದು ನೋಡಿದಳು. ಆಮೇಲೆ ಹಾಲವ್ವನಿಗೆ ಚಿಟಿಕೆಯಷ್ಟು. ಅಷ್ಟರಲ್ಲಿ ಹುಣ್ಣಿಮೆ ಬಂದೇಬಿಟ್ಟಿತು. ಎತ್ತಿಗೆ ಕೊಟ್ಟಷ್ಟು ದಿನದ ಗಡುವು ಸೊಸೆಗೂ ಕೊಡು ಅಂತ ದುಂಡವ್ವ ಕೇಳಿದಾಗ ಶಿವಗಂಗವ್ವ ಸೊಸೆಯನ್ನು ತವರಿಗೆ ಅಟ್ಟುವುದನ್ನು ಮುಂದಕ್ಕೆ ಹಾಕಿದಳು.

ಗೀಳು ಒಂದೇ ಏಟಿಗೆ ಹೋಗಲಿಲ್ಲ. ನೂರು ಸಲ ತೊಳೆಯುವವಳು ಐವತ್ತಕ್ಕೆ ಬಂದಳು, ಹತ್ತಕ್ಕೆ ಬಂದಳು. ಒಂದು ದಿನ ಕೂಸು ಅತ್ತಿತು. ಬಚ್ಚಲಿಗೆ ಹೊರಟಿದ್ದ ಹಾಲವ್ವ ತಿರುಗಿ ಬಂದು ಕೂಸಿನತ್ತ ಕೈ ಚಾಚಿದಳು. ಆ ಹಸಿ ಗಾಯ ನೋಡಿ ಶಿವಗಂಗವ್ವ ಗಾಣದ ಎಣ್ಣೆ ತಂದು ಸೊಸೆಯ ಅಂಗೈಗೆ ಹಚ್ಚಿ, ತಾನೇ ಕೂಸನ್ನೆತ್ತಿ ಕೊಟ್ಟಳಂತೆ.

ಇಂದಿಗೂ ಆ ಊರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅತ್ತೆಯಾದವಳು ದುಂಡವ್ವನ ಹೆಸರು ಹೇಳಿ ಬಾಣಂತಿಯ ಅಂಗೈಗೆ ಎಣ್ಣೆ ಹಚ್ಚುತ್ತಾಳೆ. ಸುಧಾರಿಸಿಕೊಳ್ಳಲು ಎಷ್ಟು ದಿನ ಬೇಕಾದರೂ ಹಿಡಿಯಲಿ, ಕೂಸು ನಿನ್ನದೇ ಅನ್ನುತ್ತಾಳೆ. ಅಷ್ಟು ಅನ್ನುವ ತನಕ ಜೋಗುಳ ಹಾಡುವ ಹೆಂಗಸರು ಬಾಯಿ ತೆರೆಯುವುದಿಲ್ಲ.