ಅಳಿಲ ಮರಿಯ ಒದ್ದೆ ಹಣೆ

ಹೊಂಗೆ ಮರದ ಕೆಳಗೆ ಕರಿಮುಖದ ಮುದಿ ಕೋತಿ ಮುಸುವಜ್ಜಿ ಕಾಡಿನ ಮರಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ತಾಯಂದಿರು ಬೆಳಿಗ್ಗೆ ಬಿಟ್ಟು ಹೋಗಿ ಸಂಜೆ ಕರೆದೊಯ್ಯುತ್ತಿದ್ದರು. ಒಂದು ದಿನ ಅಳಿಲ ಮರಿಗೆ ಜ್ವರ ಬಂತು. ಅಂದೇ ರೈತರು ಹೊಲದಲ್ಲಿ ಕಡಲೆಕಾಯಿ ಕಿತ್ತು ಹಾಕಿದ್ದರು. ಅಳಿಲಮ್ಮ ಮರಿಯ ಹಣೆಗೆ ಇಬ್ಬನಿ ಸವರಿ, ತಣ್ಣಗೆ ಮಾಡಿ, ಹೊತ್ತುಕೊಂಡು ಬಂದಳು.

“ಮುಟ್ಟಿ ನೋಡಿ ಅಜ್ಜಿ, ಜ್ವರ ಇಲ್ಲ” ಎಂದಳು.

ಅಜ್ಜಿ ಮುಟ್ಟಿದಳು. “ತಣ್ಣಗೇನೋ ಇದೆ. ಒದ್ದೆ ಯಾಕಿದೆ?”

“ಈಗಷ್ಟೇ ಮುಖ ತೊಳೆಸಿದೆ.”

ಅಜ್ಜಿ ಒಂದು ಎಲಚಿ ಹಣ್ಣನ್ನು ನೆಲದ ಮೇಲೆ ಉರುಳಿಸಿದಳು. ಮರಿಗಳೆಲ್ಲ ಕೂಗುತ್ತ ಅದರ ಹಿಂದೆ ಓಡಿದವು. ಅಳಿಲ ಮರಿ ಮಾತ್ರ ತಾಯಿಯ ಬಾಲ ತಬ್ಬಿಕೊಂಡು ಕಣ್ಣು ಮುಚ್ಚಿತು.

“ಜ್ವರ ಹಣೆಯಲ್ಲಿ ಅಡಗುತ್ತದೆ ಮಗಳೇ, ಆಟದಲ್ಲಿ ಅಡಗುವುದಿಲ್ಲ.”

“ಇವತ್ತು ಹೋಗದಿದ್ದರೆ ಕಡಲೆಕಾಯೆಲ್ಲ ಕಾಗೆಗಳ ಪಾಲು!”

“ಇವನಿಗೆ ಇಡೀ ದಿನ ಒಂದು ಮಡಿಲು ಬೇಕು. ನನ್ನ ಮಡಿಲಲ್ಲಿ ಇನ್ನೂ ಕಣ್ಣು ಬಿಡದ ಎರಡು ಇಲಿಮರಿಗಳಿವೆ. ಈ ಜ್ವರ ಅಂಟಿದರೆ ಅವು ತಡೆದುಕೊಳ್ಳಲಾರವು.”

ಅಳಿಲಮ್ಮ ಆ ಇಲಿಮರಿಗಳನ್ನು ನೋಡಿದಳು. ತನ್ನ ಮರಿಯನ್ನು ಎತ್ತಿಕೊಂಡು ಗೂಡಿಗೆ ಮರಳಿದಳು.

ನಾಲ್ಕನೆಯ ದಿನ ಬಂದವಳು ದೂರದಲ್ಲೇ ನಿಂತಳು. “ಜ್ವರ ಬಿಟ್ಟು ಎರಡು ದಿನವಾಯಿತು ಅಜ್ಜಿ. ಆದರೆ ನಿಜ ಹೇಳಿಬಿಡುತ್ತೇನೆ, ಮೂಗು ಇನ್ನೂ ಸ್ವಲ್ಪ ಸೋರುತ್ತಿದೆ.”

ಅಷ್ಟರಲ್ಲಿ ಮರಿ ಅವಳಿಂದ ಕೊಸರಿಕೊಂಡು ಹೋಗಿ ಮೊಲದ ಮರಿಯ ಕಿವಿ ಜಗ್ಗುತ್ತಿತ್ತು.

ಅಜ್ಜಿ ನಕ್ಕಳು. “ಮೂಗನ್ನು ನಾನು ಒರೆಸುತ್ತೇನೆ. ನೀನು ಹೊಲಕ್ಕೆ ಓಡು.”