ನೆಗೆಣ್ಣಿ ದಿಬ್ಬ

ಧಾರವಾಡ ಬಿಟ್ಟು ಪಡುವಣಕ್ಕೆ ನಡೆದರೆ ಕರಿನೆಲ ಮುಗಿದು ಕೆಮ್ಮಣ್ಣು ಸುರುವಾಗುವ ಜಾಗದಲ್ಲಿ ಹೊನ್ನೆಕೊಪ್ಪದ ದೇಸಾಯರ ಅಡವಿ ಸಿಗುತ್ತದೆ. ತೇಗ, ಮತ್ತಿ, ಹೊನ್ನೆ ಒತ್ತೊತ್ತಾಗಿ ಬೆಳೆದ ಈ ಅಡವಿಯ ನಡುವೆ ಕರಿಹಳ್ಳದ ದಂಡೆಗೆ ಒಂದು ಬಂಡೆಯ ದಿಬ್ಬವಿದೆ. ದೇಸಾಯರ ಈಗಿನ ತಲೆಮಾರಿನವರು ಅದರ ಮೇಲೆ ಬಿಳಿಯ ಗುಡಾರಗಳನ್ನು ಹಾಕಿ ಪ್ರವಾಸಿಗರಿಗೆ ವಸತಿ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಬರೀ ಬಟ್ಟೆಯ ಗುಡಾರ. ಒಳಗೆ ಕಾಲಿಟ್ಟರೆ ಬೀಟೆಯ ಮಂಚ, ಮೆತ್ತನೆಯ ಗಾದಿ, ಜಮಖಾನೆ, ಬಿಸಿನೀರಿನ ತೊಟ್ಟಿ. ನಗರದವರಿಗೆ ಇದು ಹೊಸ ಸೋಜಿಗ. ಊರವರಿಗೆ ಹಾಗಲ್ಲ. ಅಡವಿಯೊಳಗೆ ಅರಮನೆಯ ಸುಖ ಉಣ್ಣುವ ಚಾಳಿ ಈ ನೆಲಕ್ಕೆ ಹಳೆಯದೇ ಎನ್ನುತ್ತಾರೆ ಅವರು. ದಿಬ್ಬದ ಹೆಸರು ನೆಗೆಣ್ಣಿ ದಿಬ್ಬ. ಅಣ್ಣತಮ್ಮಂದಿರ ಹೆಂಡಂದಿರು ಒಬ್ಬರಿಗೊಬ್ಬರು ಏನಾಗಬೇಕೋ ಅದಕ್ಕೆ ಈ ಸೀಮೆಯಲ್ಲಿ ನೆಗೆಣ್ಣಿ ಎಂದು ಹೆಸರು.

ಹಿಂದೆ ಒಮ್ಮೆ, ಹೊನ್ನೆಕೊಪ್ಪದ ದೇಸಗತಿ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ವೀರಸಂಗಪ್ಪ ದೇಸಾಯಿ ಮತ್ತು ಅವನ ತಮ್ಮ ರಾಚಪ್ಪ ಒಂದೇ ವಾಡೆಯಲ್ಲಿ ಬಾಳುತ್ತಿದ್ದರು. ಬೇಸಿಗೆಯಲ್ಲಿ ವಾಡೆಯ ಕಲ್ಲುಗೋಡೆಗಳು ಕಾದ ಹಂಚಿನಂತಾದಾಗ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಅಡವಿಗೆ ಬಂದು, ಮಳೆ ಹಿಡಿಯುವವರೆಗೆ ಡೇರೆಗಳಲ್ಲಿ ಇರುವುದು ವಾಡಿಕೆ. ಆ ವಾಡಿಕೆ ಹಾಕಿದವಳು ವೀರಸಂಗಪ್ಪನ ಹೆಂಡತಿ ರುದ್ರವ್ವ. ಮಲಪ್ರಭೆಯ ದಂಡೆಯ ಸಣ್ಣ ಗೌಡಕಿಯ ಮನೆಯಿಂದ ಬಂದ ಆಕೆ ಒಡವೆ ವಸ್ತ್ರ ಹೆಚ್ಚು ತರಲಿಲ್ಲ; ಆದರೆ ಬಂದ ಕೆಲವೇ ವರ್ಷಗಳಲ್ಲಿ ಉಗ್ರಾಣದ ಬೀಗದ ಕೈಯಿಂದ ಹಿಡಿದು ಹಿತ್ತಿಲ ದನದವರೆಗೆ ಎಲ್ಲವನ್ನೂ ತನ್ನ ಕಣ್ಣಳತೆಗೆ ತಂದುಕೊಂಡಳು. ಡೇರೆ ಹಾಕಲು ದಿಬ್ಬವನ್ನು ಆರಿಸಿದವಳೂ ಅವಳೇ. ಬೇಸಿಗೆಯ ಆ ದಿನಗಳಲ್ಲಿ ಬಂದ ನಂಟರೆಲ್ಲ ಅವಳ ಡೇರೆಯ ಮುಂದೆ ಕೂತು, ಅವಳ ಕೈಯ ಸಿಹಿ ಮಾದೇಲಿ ಉಂಡು, "ದೇಸಾಯಿಣಿ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ಆ ಮಾತು ಕೇಳುವಾಗ ರುದ್ರವ್ವ ತಲೆ ತಗ್ಗಿಸುತ್ತಿದ್ದಳು. ಕಿವಿ ಮಾತ್ರ ತೆರೆದೇ ಇರುತ್ತಿತ್ತು.

ರಾಚಪ್ಪನಿಗೆ ಕೊಲ್ಲಾಪುರದ ಕಡೆಯ ಸಿರಿವಂತ ಮನೆತನದಿಂದ ಹೆಣ್ಣು ತಂದರು. ಹೆಸರು ಚಂಪವ್ವ. ಮದುವೆಯ ಮೊದಲ ಬೇಸಿಗೆಗೆ ತವರಿನಿಂದ ಅವಳಿಗೊಂದು ಡೇರೆ ಬಂತು. ಹೊರಗೆ ದಾಳಿಂಬೆ ಬಣ್ಣದ ಕಂಬಳಿ ಬಟ್ಟೆ, ಒಳಗೆ ನೀಲಿಯ ರೇಷ್ಮೆಯ ಅಸ್ತರು, ಅದರ ತುಂಬ ಅಲ್ಲಲ್ಲಿ ಹೊಲಿದ ಸಣ್ಣ ಕನ್ನಡಿಗಳು. ದೀಪ ಹಚ್ಚಿದರೆ ಒಳಗೇ ಚುಕ್ಕಿಗಳು ಮೂಡುತ್ತವೆ ಎಂದು ನೋಡಿ ಬಂದವರು ಹೇಳಿದರು. ರುದ್ರವ್ವ ನೋಡಲು ಹೋಗಲಿಲ್ಲ. ಚಂಪವ್ವ ಎರಡು ಬಾರಿ ಕರೆದಳು, ಎರಡು ಬಾರಿಯೂ ಆಕೆಗೆ ಏನೋ ಕೆಲಸ ಬಂತು. ನಂಟರು ಈಗ ಅತ್ತ ನಡೆದರು. ಮಾದೇಲಿಯನ್ನು ಅಲ್ಲಿಗೇ ಕಳಿಸಿರೆಂದು ಹೇಳಿ ಕಳಿಸಿದರು. ಕೊನೆಗೆ ಅತ್ತೆ ಸಾವಂತ್ರವ್ವನೇ, "ಅಲ್ಲೆ ತಂಪೈತೆವಾ" ಎಂದು ತನ್ನ ಹಾಸಿಗೆಯನ್ನು ಸುತ್ತಿಸಿಕೊಂಡು ಕಿರಿಯ ಸೊಸೆಯ ಡೇರೆಗೆ ಹೋದ ದಿನ ರುದ್ರವ್ವ ಬಡಿಸಿಕೊಂಡ ತಾಟು ಬಿಟ್ಟು ಎದ್ದಳು. ಊರೆಲ್ಲ ಕೈ ಮುಗಿಯುವ ತನಗೆ ಒಂದು ಬಟ್ಟೆಯ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡಷ್ಟೂ ಕಿಚ್ಚು ಹೆಚ್ಚಿತು.

ಮರುವರ್ಷದ ಬೇಸಿಗೆಗೆ ಅಣ್ಣತಮ್ಮಂದಿರಿಬ್ಬರೂ ಸುಬೇದಾರನ ಕರೆಯ ಮೇಲೆ ದೂರ ಹೋಗಿದ್ದರು. ಹೆಂಗಸರು ಆಳುಗಳೊಂದಿಗೆ ಅಡವಿಗೆ ಬಂದರು. ಚಂಪವ್ವನಿಗೆ ದಿಬ್ಬಕ್ಕಿಂತ ಕೆಳಗಿನ ಹಳ್ಳದ ಮರಳು ಮನಸ್ಸಿಗೆ ಹಿಡಿಯಿತು. ಹಳ್ಳ ಬತ್ತಿ, ಮರಳು ಹಾಸಿದ ಹಾಗಿತ್ತು. ಎರಡೂ ಕಡೆ ನೇರಳೆಯ ನೆರಳು.

"ಅಕ್ಕಾರ, ಈ ಮಳಲ ಮ್ಯಾಲ ನನ್ನ ಡೇರೆ ಹಾಕ್ಸಿದ್ರ ಹ್ಯಾಂಗ?" ಎಂದು ಕೇಳಿದಳು.

ರುದ್ರವ್ವನಿಗೆ ಗೊತ್ತಿತ್ತು. ಇಲ್ಲಿ ಒಂದು ಹನಿ ಬೀಳದಿದ್ದರೂ ಪಡುವಣ ಗುಡ್ಡದಲ್ಲಿ ಬೇಸಿಗೆಯ ಅಡ್ಡಮಳೆ ಸುರಿದರೆ ಕರಿಹಳ್ಳ ಹೇಳದೆ ಕೇಳದೆ ಬರುತ್ತದೆ. ತಾನು ಹೊಸದಾಗಿ ಬಂದ ವರ್ಷ ಅದೇ ಮರಳಿನ ಮೇಲೆ ಮಲಗಿದ್ದ ಎಮ್ಮೆಗಳ ಹಿಂಡು ಕಣ್ಣೆದುರೇ ತೇಲಿ ಹೋದದ್ದನ್ನು ಕಂಡಿದ್ದಳು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿ, "ನಿನ್ನ ಡೇರೆ, ನಿನ್ನ ಮನಸ್ಸು. ಹಾಕ್ಸಿಕೋ ತಂಗಿ" ಎಂದಳು. ಹಿರಿಯ ದೇಸಾಯಿಣಿಯೇ ಒಪ್ಪಿದ ಮೇಲೆ ವಾಡೆಯ ಆಳುಗಳು ಯಾಕೆ ಬಾಯಿ ಬಿಟ್ಟಾರು? ಚಂಪವ್ವನ ತವರಿನ ಆಳುಗಳು ಗೂಟ ಹೊಡೆದರು. ಕೆಂಪು ಡೇರೆ ಬಿಳಿಯ ಮರಳಿನ ಮೇಲೆ ಎದ್ದು ನಿಂತಾಗ ಅದು ಹಿಂದಿಗಿಂತ ಇನ್ನೂ ಚೆಲುವಾಗಿ ಕಂಡಿತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಪಡುವಣ ಗುಡ್ಡ ಕಪ್ಪಾಯಿತು. ದೂರದಲ್ಲಿ ಗುಡುಗು ಉರುಳಿತು. ದಿಬ್ಬದ ಮೇಲೆ ಬಿಸಿಲು ಹಾಗೆಯೇ ಇತ್ತು. ಸಾವಂತ್ರವ್ವ ಅಂದು ಶಿವಪೂಜೆಗೆಂದು ಮೇಲೆ ಬಂದು ಹಿರಿಯ ಸೊಸೆಯ ಡೇರೆಯಲ್ಲಿ ಕೂತಿದ್ದಳು. ರುದ್ರವ್ವ ಹೊರಗೆ ನಿಂತು ಮೋಡ ನೋಡಿದಳು. ಡೇರೆ ಹೋಗಲಿ, ಎಂದು ಮನಸ್ಸು ಹೇಳಿತು. ಅವಳಲ್ಲ, ಡೇರೆ. ಅವಳೇನು ಹುಡುಗಿಯರ ಜೊತೆ ಕವಳಿ ಹಣ್ಣು ಆರಿಸಲು ಹೋಗಿರುತ್ತಾಳೆ, ಬರಿಯ ಬಟ್ಟೆ ತಾನೆ, ತೇಲಿ ಹೋಗಲಿ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಚಂಪವ್ವನ ಸೇವಕಿಯರು ಸೆರಗಿನ ತುಂಬ ಕವಳಿ ಹಣ್ಣು ತುಂಬಿಕೊಂಡು ನಗುತ್ತ ದಿಬ್ಬ ಹತ್ತಿ ಬಂದರು.

"ನಿಮ್ಮ ಅವ್ವಾರೆಲ್ಲಿ?" ಎಂದು ಕೇಳಿದಳು ರುದ್ರವ್ವ.

"ಎಣ್ಣಿ ನೀರು ಹಾಕ್ಕೊಂಡು ಮಲಗ್ಯಾರ್ರಿ. ಎಬ್ಬಿಸಬ್ಯಾಡ್ರಿ ಅಂದಾರ."

ರುದ್ರವ್ವ ಓಡಿದಳು. ದೇಸಗತಿಯ ಹಿರಿಯ ಸೊಸೆ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಓಡಿದ್ದನ್ನು ಅಂದೇ ಮೊದಲು ಜನ ಕಂಡರು ಎನ್ನುತ್ತಾರೆ. ಮರಳಿಗೆ ಇಳಿಯುವಷ್ಟರಲ್ಲಿ ಗಾಳಿಯಲ್ಲಿ ಕೆಸರಿನ ವಾಸನೆ ಬಂತು. ಮೇಲಿನ ತಿರುವಿನಲ್ಲಿ ಮರಗಳು ಮುರಿಯುವ ಸದ್ದು. ಪರದೆ ಸರಿಸಿ ಒಳಗೆ ನುಗ್ಗಿದಳು. ಆ ಡೇರೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನೀಲಿಯ ಅಸ್ತರಿನಲ್ಲಿ ಕನ್ನಡಿಗಳು ಮಿನುಗುತ್ತಿದ್ದವು. ಒದ್ದೆ ಕೂದಲು ಹರಡಿ ಚಂಪವ್ವ ಮಲಗಿದ್ದಳು. ಅಂಥ ಹೊತ್ತಿನಲ್ಲೂ ರುದ್ರವ್ವನ ಕಣ್ಣು ಒಂದು ಉಸಿರಿನಷ್ಟು ಹೊತ್ತು ಆ ಕನ್ನಡಿಗಳ ಮೇಲೆ ನಿಂತಿತು. ಆಮೇಲೆ ನೆಗೆಣ್ಣಿಯ ರಟ್ಟೆ ಹಿಡಿದು ಎಳೆದಳು. ಅವರು ದಡದ ನೇರಳೆಯ ಬೇರು ಹಿಡಿಯುವಾಗ ನೀರು ಸೊಂಟಕ್ಕೆ ಬಂದಿತ್ತು. ಬೇರಿನಿಂದ ಕೊಂಬೆಗೆ ಹತ್ತಿ ತಿರುಗಿ ನೋಡಿದರೆ ಕೆಂಪು ಡೇರೆ ಒಮ್ಮೆ ಉಬ್ಬಿ, ಗೂಟ ಕಿತ್ತುಕೊಂಡು, ತಿರುಗುತ್ತ ತಿರುಗುತ್ತ ಕೆಂಪು ನೀರಿನಲ್ಲಿ ಕಾಣದಾಯಿತು.

ಚಂಪವ್ವನೇ ಮೊದಲು ಬಾಯಿ ಬಿಟ್ಟಳು. "ಅಕ್ಕಾರ, ಹಳ್ಳ ಬರೂದು ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ನಿನ್ನ ಡೇರೆ ಹೋಗ್ಲಿ ಅಂತ."

ಚಂಪವ್ವ ನೀರನ್ನೇ ನೋಡುತ್ತ ಹೇಳಿದಳು: "ವಾಡೇದಾಗ ನಾ ಒಂದು ತಂಬಿಗಿ ನೀರ ಬೇಡಿದ್ರೂ ಮಂದಿ ಮೊದಲ ನಿಮ್ಮ ಮಾರಿ ನೋಡ್ತಾರ, ಆಮ್ಯಾಲ ತರ್ತಾರ. ನಂದು ಅಂತ ಅಲ್ಲೆ ಏನೂ ಇರಲಿಲ್ಲ. ಅದಕ್ಕ ಅಪ್ಪನ್ನ ಕಾಡಿ ಈ ಡೇರೆ ತರಿಸಿದೆ. ನಿಮ್ಮ ಹೊಟ್ಟಿ ಉರೀಲಿ ಅಂತನ ತರಿಸಿದೆ."

"ಉರೀತು" ಎಂದಳು ರುದ್ರವ್ವ.

ಹಳ್ಳ ಇಳಿದ ಮೇಲೆ ಆಳುಗಳು ಹಗ್ಗ ಹಾಕಿ ಇಬ್ಬರನ್ನೂ ಇಳಿಸಿದರು. ಅತ್ತೆ ಹಿರಿಯ ಸೊಸೆಯ ಕೆನ್ನೆ ಸವರಿ ಅತ್ತಳು. ಮೈದುನ ರಾಚಪ್ಪ ಊರಿಗೆ ಮರಳಿ ಸುದ್ದಿ ಕೇಳಿದವನೇ ವೈನಿ ರುದ್ರವ್ವನ ಕಾಲಿಗೆ ಬಿದ್ದ. ಕೊಂಬೆಯ ಮೇಲೆ ಆಡಿದ ಮಾತನ್ನು ಚಂಪವ್ವ ಯಾರಿಗೂ ಹೇಳಲಿಲ್ಲ. "ಅಕ್ಕಾರು ಇಲ್ಲದಿದ್ರ ನಾ ಇರ್ತಿದ್ದಿಲ್ಲ" ಎಂದಷ್ಟೇ ಎಲ್ಲರೆದುರು ಹೇಳುತ್ತಿದ್ದಳು. ಆ ಮಾತು ರುದ್ರವ್ವನನ್ನು ಡೇರೆಗಿಂತ ಹೆಚ್ಚು ಸುಟ್ಟಿತು. ಸಿರಿ ಅವಳದು, ಚೆಲುವು ಅವಳದು. ಈಗ ದೊಡ್ಡ ಮನಸ್ಸೂ ಅವಳದೇ ಆಯಿತಲ್ಲ ಎಂದು ಒಳಗೊಳಗೇ ಕುದಿದಳು.

ಮುಂದಿನ ಬೇಸಿಗೆಯಲ್ಲಿ ವೀರಸಂಗಪ್ಪ ನಂಟರನ್ನೆಲ್ಲ ಕರೆದು ದಿಬ್ಬದ ಮೇಲೆ ಊಟ ಹಾಕಿಸಿ, ಇನ್ನು ಮೇಲೆ ಇದು ರುದ್ರವ್ವನ ದಿಬ್ಬ ಎಂದು ಸಾರಿದ. ಜನ ಹೋ ಎಂದರು. ರುದ್ರವ್ವ ಎದ್ದು ನಿಂತಳು. ಗಂಡಸರ ಸಭೆಯಲ್ಲಿ ಆಕೆ ಎಂದೂ ದನಿ ಎತ್ತಿದವಳಲ್ಲ. "ನನ್ನ ಹೆಸರ ಇಡಬ್ಯಾಡ್ರಿ" ಎಂದು, ಮರಳಿನ ಮೇಲೆ ಡೇರೆ ಹಾಕಲು ತಾನು ಒಪ್ಪಿದ್ದು ಯಾಕೆ ಎಂಬುದನ್ನು ಒಂದೂ ಮುಚ್ಚದೆ ಹೇಳಿದಳು. ದೇಸಾಯಿಯ ಮುಖ ಕಪ್ಪಿಟ್ಟಿತು. ಆಗ ಚಂಪವ್ವ ಎದ್ದು ಬಂದು ಆಕೆಯ ಪಕ್ಕದಲ್ಲಿ ನಿಂತು, "ನಂದೂ ಪಾಲೈತಿ. ಇಬ್ಬರ ಹೊಟ್ಟೀನೂ ಇಲ್ಲೇ ಉರದಾವು. ಹೆಸರಿಡೂದಿದ್ರ ಇಬ್ಬರದೂ ಸೇರಿಸಿ ಇಡ್ರಿ" ಎಂದಳು. ಮೊದಲು ನಕ್ಕವಳು ಮುದುಕಿ ಸಾವಂತ್ರವ್ವ. ಆಕೆಯ ಬಾಯಿಂದಲೇ ನೆಗೆಣ್ಣಿ ದಿಬ್ಬ ಎಂಬ ಹೆಸರು ಬಂತು ಎನ್ನುತ್ತಾರೆ.

ಆಮೇಲೆ ಇಬ್ಬರೂ ಅಕ್ಕತಂಗಿಯರಂತೆ ಬಾಳಿದರು ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ಡೇರೆಗಳನ್ನು ದಿಬ್ಬದ ಮೇಲೆ ಮಗ್ಗುಲಲ್ಲೇ ಹಾಕಿಸಿದರು. ಒಂದು ಇನ್ನೊಂದಕ್ಕಿಂತ ಗೇಣು ದೊಡ್ಡದಾಗದಂತೆ ಕಲ್ಲಿನಲ್ಲಿ ಗೂಟದ ಕುಳಿ ಕೊರೆಸಿದರು. ಒಬ್ಬಳು ಮಾದೇಲಿ ಮಾಡಿದ ದಿನ ಇನ್ನೊಬ್ಬಳು ಕರಿಗಡಬು ಮಾಡುತ್ತಿದ್ದಳಂತೆ. ಆದರೆ ಹೊಟ್ಟೆ ಉರಿದಾಗ ಒಬ್ಬರಿಗೊಬ್ಬರು ಬಾಯಿ ಬಿಟ್ಟು ಹೇಳಿಕೊಳ್ಳುತ್ತಿದ್ದರು. ಬದುಕಿರುವವರೆಗೆ ಆ ಮಾತು ನಿಲ್ಲಲಿಲ್ಲ.

ಬಂಡೆಯ ಮೇಲೆ ಆ ಕುಳಿಗಳ ಎರಡು ಸಾಲು ಇಂದಿಗೂ ಇವೆ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಹಕ್ಕಿಗಳು ಕುಡಿಯುತ್ತವೆ. ಈಗಿನ ಬಿಳಿ ಗುಡಾರಗಳೆಲ್ಲ ದಿಬ್ಬದ ಮೇಲೆಯೇ. ಕೆಳಗಿನ ಮರಳು ಎಷ್ಟು ಚೆಂದ ಕಂಡರೂ ಅಲ್ಲಿ ಒಂದು ಗೂಟವನ್ನೂ ಹೊಡೆಯುವುದಿಲ್ಲ. ಬಂದ ಅತಿಥಿಗಳು ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಪಕ್ಕದವರ ಗುಡಾರದ ಕಡೆ ಕಣ್ಣು ಹಾಯಿಸಿ, ಅದು ತಮ್ಮದಕ್ಕಿಂತ ದೊಡ್ಡದೇ ಎಂದು ಆಳುಗಳನ್ನು ಮೆಲ್ಲಗೆ ಕೇಳುತ್ತಾರೆ.